ಒಂದು ಚಮಚಕ್ಕೆ ಮೂವತ್ತು ಎಂ.ಎಲ್.

ನಮ್ಮನೆ ಅಡುಗೆಮನೆಯಲ್ಲಿ ಟೀ ಪುಡಿ ಡಬ್ಬಿಯೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಚಮಚ ಇದೆ. ಮೊನ್ನೆ ಮನೆಗೆ ಬಂದಿದ್ದ ಗೆಳತಿ ಅದನ್ನ ಎತ್ತಿ ಹಿಡಿದು "ಇದು ಡಬ್ಬಿ ಹಾಲಿನ ಪುಡಿ ಜೊತೆ ಬರೋ ಚಮಚ ಅಲ್ವೇನೇ? ನೀನೂ ಅದನ್ನೇ ಕೊಟ್ಟಿದ್ದಾ?" ಅಂದಳು. ಅವಳೀಗ ಐದು ತಿಂಗಳ ಬಸುರಿ. ಕೇಳಿದ್ದರಲ್ಲಿ ಕುಹಕ ಏನೂ ಇರಲಿಲ್ಲ. ಆದರೂ ನಾನು "ಹ್ಞೂಂ, ಹಾಲು ಬರಲಿಲ್ಲ" ಅಂದುಬಿಟ್ಟೆ. ಆರು ವರ್ಷದಿಂದ ಹೇಳಿ ಹೇಳಿ ಬಾಯಿಪಾಠ ಆಗಿರೋ ಸುಳ್ಳು ಅದು. ಅವಳು ಹೋದ ಮೇಲೆ ಒಂಥರಾ ಅನ್ನಿಸ್ತು. ಹಾಲು ಬಂದಿತ್ತು. ರವಿಕೆ ಒದ್ದೆ ಆಗುವಷ್ಟು ಬಂದಿತ್ತು.

ಅದಕ್ಕೇ ಈಗ ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

2014ರಲ್ಲಿ, ಮದುವೆಯಾದ ಮರುವರ್ಷ, ಸುಮ್ಮನೆ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿರಕ್ತಕಣ ಲಕ್ಷ ದಾಟಿತ್ತು. ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹೇಳಿದ್ದು ಸಿ.ಎಂ.ಎಲ್., ಅಂದರೆ ನಿಧಾನಕ್ಕೆ ಬೆಳೆಯೋ ಒಂದು ಬಗೆಯ ರಕ್ತದ ಕ್ಯಾನ್ಸರ್. ಇಪ್ಪತ್ತೈದು ವರ್ಷದ ಹಿಂದೆ ಆಗಿದ್ದರೆ ನಾನು ಇದನ್ನ ಬರೆಯೋಕೆ ಇರ್ತಿರಲಿಲ್ಲವೇನೋ. ಇಮ್ಯಾಟಿನಿಬ್ ಅನ್ನೋ ಮಾತ್ರೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೇಲೆ ಈ ಕಾಯಿಲೆಯ ಹಣೆಬರಹವೇ ಬದಲಾಯ್ತು. ದಿನಕ್ಕೊಂದು, 400 ಮಿಲಿಗ್ರಾಂ, ಊಟ ಆದಮೇಲೆ ದೊಡ್ಡ ಲೋಟ ನೀರಿನ ಜೊತೆ. ಗ್ಲಿವೆಕ್ ಅನ್ನೋ ಹೆಸರಿನ ಮೇಲೆ ಕಂಪನಿ ಕೇಳಿದ್ದ ಪೇಟೆಂಟನ್ನ ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು, ನೆನಪಿರಬಹುದು. ಅದೇ ಮಾತ್ರೆ. ನಮ್ಮಂಥೋರ ಕೈಗೆ ಎಟುಕೋ ಬೆಲೆಯಲ್ಲಿ ಇಲ್ಲಿಯ ಕಂಪನಿಗಳೇ ಮಾಡೋದರಿಂದ ನಾನು ಬದುಕಿದೀನಿ.

ಮಾತ್ರೆ ನುಂಗ್ತಾ ಬಸುರಿಯಾಗೋ ಹಾಗಿಲ್ಲ, ಮಗುವಿಗೆ ಅಂಗದೋಷ ಬರೋ ಅಪಾಯ ಇದೆ. ನಾಲ್ಕೈದು ವರ್ಷ ಕಾಯಿಲೆ ಚೆನ್ನಾಗಿ ಹತೋಟಿಗೆ ಬಂದ ಮೇಲೆ ಬೆಂಗಳೂರಿನ ಡಾಕ್ಟರ ಒಪ್ಪಿಗೆ ತಗೊಂಡು ಮಾತ್ರೆ ನಿಲ್ಲಿಸಿದ್ವಿ. ಬಸುರಿದ್ದಾಗ ಮತ್ತೆ ಮತ್ತೆ ರಕ್ತ ಪರೀಕ್ಷೆ. ಏಳು ತಿಂಗಳ ತನಕ ಎಲ್ಲ ಸರಿಯಿತ್ತು. ಎಂಟನೇ ತಿಂಗಳ ವರದಿಯಲ್ಲಿ ಅಂಕಿ ಮೇಲಕ್ಕೆ ಹೋಗಿತ್ತು. "ಹೆರಿಗೆ ಆಗಲಿ, ಆಮೇಲೆ ತಡ ಮಾಡೋದು ಬೇಡ. ಮಾತ್ರೆ ಶುರು ಮಾಡಿದ ಮೇಲೆ ಎದೆಹಾಲು ಕೊಡೋ ಹಾಗಿಲ್ಲ, ಔಷಧ ಹಾಲಿನಲ್ಲಿ ಹೋಗುತ್ತೆ. ನಿಮ್ಮೂರಲ್ಲೇ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಈಗಲೇ ಮಾತಾಡಿಕೊಳ್ಳಿ" ಅಂದರು. ವಾಪಸ್ ಬರುವಾಗ ಚಿತ್ರದುರ್ಗ ದಾಟೋ ತನಕ ನಾನಾಗಲಿ ಇವರಾಗಲಿ ಒಂದು ಮಾತೂ ಆಡಲಿಲ್ಲ.

ನನ್ನ ತವರು ದಾವಣಗೆರೆ, ಗಂಡನ ಮನೆ ಹರಿಹರ. ನಡುವೆ ಹದಿನಾಲ್ಕು ಕಿಲೋಮೀಟರ್. 2019ರ ಡಿಸೆಂಬರಿನಲ್ಲಿ ಒಂಬತ್ತು ತುಂಬೋ ಮೊದಲೇ ಪಿ.ಜೆ. ಬಡಾವಣೆಯ ಮಕ್ಕಳ ಡಾಕ್ಟರ ಹತ್ತಿರ ಹೋದ್ವಿ. ಕಾಯೋ ಕಡೆ ಎಲ್ಲರ ತೊಡೆ ಮೇಲೂ ಕೂಸು, ನನ್ನದು ಬರೀ ಹೊಟ್ಟೆ. ಪಕ್ಕದಲ್ಲಿದ್ದ ಅಜ್ಜಿ "ಇಲ್ಲಲ್ಲವ್ವಾ, ಹೆರಿಗೆ ಡಾಕ್ಟ್ರು ಆಚೆ ಬೀದಿಯಾಗೆ ಅದಾರೆ" ಅಂತ ದಾರಿ ತೋರಿಸಿದ್ರು :-)

ಡಾಕ್ಟ್ರಿಗೆ ಅರವತ್ತು ದಾಟಿದೆ. ಕಡತ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಾನು ನಿರೀಕ್ಷೆ ಮಾಡದೇ ಇದ್ದ ಮಾತಿನಿಂದ ಶುರು ಮಾಡಿದರು. "ನೋಡಮ್ಮ, ನಾನು ಓದಿದ್ದು ಇದೇ ಊರಿನಲ್ಲಿ. ಈ ಊರಿನ ಮಕ್ಕಳ ಡಾಕ್ಟ್ರು ಎದೆಹಾಲಿಗೆ ಎಷ್ಟು ಕೆಲಸ ಮಾಡಿದಾರೆ ಅಂತ ಹೊರಗಿನೋರಿಗೆ ಗೊತ್ತು, ನಮ್ಮೂರೋರಿಗೇ ಗೊತ್ತಿಲ್ಲ." ಅಂತ ಹೇಳಿ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಅವರ ವಿಷಯ ತೆಗೆದರು. ಮೊಲೆತೊಟ್ಟು ಒಳಗೆ ಹೋಗಿರೋ ತಾಯಂದಿರಿಗೆ ಒಂದು ಮಾಮೂಲಿ ಪ್ಲಾಸ್ಟಿಕ್ ಸಿರಿಂಜಿನ ಮೂತಿ ಕತ್ತರಿಸಿ, ಅದರ ದಂಡವನ್ನ ತಿರುವುಮುರುವು ಹಾಕಿ, ಮೆಲ್ಲಗೆ ಎಳೆದು ತೊಟ್ಟು ಹೊರಗೆ ತರೋ ಉಪಾಯ ಇದೆಯಲ್ಲ, ಅದನ್ನ 1993ರಲ್ಲಿ ವಿದೇಶದ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇವರ ತಂಡ. ಹಾಲು ನಿಂತುಹೋದ ತಾಯಂದಿರಿಗೆ ಮತ್ತೆ ಹಾಲು ಬರಿಸೋದರ ಬಗ್ಗೆ 2003ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್‌ನಲ್ಲಿ ಬಂದ ಲೇಖನವೂ ಇವರದೇ. ಹೆರದೇ ಇರೋ ಹೆಂಗಸರಿಗೂ ಹಾಲು ಬರಿಸಿ ಮಗು ಸಾಕಿಸಿದ ಬಗ್ಗೆ ಬರೆದಿದಾರೆ. ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ಬಿಟ್ಟು ನಮ್ಮೂರಿಗೆ ಇಂಥದೂ ಒಂದು ಹೆಸರಿದೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

"ಅಂಥ ಊರಲ್ಲಿ ಕೂತು ನಾನು ನಿಂಗೆ ಡಬ್ಬಿ ಹಾಲು ಬರೆದುಕೊಡ್ತಾ ಇದೀನಿ" ಅಂದರು. "ಬೇರೆ ಯಾರೇ ಬಂದು ಕೇಳಿದ್ರೂ ಬೈದು ಕಳಿಸ್ತೀನಿ. ನಿನಗೆ ಬರೆದುಕೊಡ್ತೀನಿ, ಯಾಕಂದ್ರೆ ಮಗೂಗೆ ಹಾಲಿಗಿಂತ ಮೊದಲು ತಾಯಿ ಬೇಕು."

ಆಮೇಲೆ ನಡೆದಿದ್ದು ಶುದ್ಧ ಲೆಕ್ಕದ ಪಾಠ. ಇವರು ಡೈರಿಯಲ್ಲಿ ಬರೆದುಕೊಂಡರು, ಆ ಪುಟ ಈಗಲೂ ಇದೆ. ಹುಟ್ಟಿದ ಕೂಸಿಗೆ ಮೊದಲ ದಿನ ಕಡಿಮೆ ಸಾಕು, ದಿನಾ ಸ್ವಲ್ಪ ಸ್ವಲ್ಪ ಏರಿಸ್ತಾ ವಾರದ ಹೊತ್ತಿಗೆ ತೂಕದ ಒಂದು ಕೆಜಿಗೆ 150 ಎಂ.ಎಲ್. ಮುಟ್ಟಬೇಕು. ಮೂರು ಕೆಜಿ ಕೂಸಾದರೆ ದಿನಕ್ಕೆ 450. ಮೂರು ಗಂಟೆಗೊಮ್ಮೆ ಅಂದರೆ ಎಂಟು ಸಲ, ಒಂದು ಸಲಕ್ಕೆ ಹತ್ತಿರ ಹತ್ತಿರ 60. ಅವರು ಹೇಳಿದ ಡಬ್ಬಿಯಲ್ಲಿ 30 ಎಂ.ಎಲ್. ನೀರಿಗೆ ಒಂದು ಚಮಚ, ಹೆರೆದು ಮಟ್ಟ ಮಾಡಿದ ಚಮಚ. ಚಮಚಕ್ಕೆ ನಾಲ್ಕೂವರೆ ಗ್ರಾಂ ಹಿಡಿದರೆ 400 ಗ್ರಾಂ ಡಬ್ಬಿ ಆರು ದಿನವೂ ಬರಲ್ಲ. ಕೂಸು ಐದು ಕೆಜಿ ಆಗೋ ಹೊತ್ತಿಗೆ ತಿಂಗಳಿಗೆ ಎಂಟೊಂಬತ್ತು ಡಬ್ಬಿ. "ಖರ್ಚಿನ ಲೆಕ್ಕ ಈಗಲೇ ಹಾಕ್ಕೊಳ್ಳಿ. ತಿಂಗಳ ಕೊನೆಗೆ ದುಡ್ಡು ಸಾಲದೆ ನೀರು ಜಾಸ್ತಿ ಹಾಕಿದೋರನ್ನ ನಾನು ಬಹಳ ನೋಡಿದೀನಿ" ಅಂದರು. ಈ ಮಾತು ನಮಗಲ್ಲ ಅಂದುಕೊಂಡೆ ನಾನು.

ಪುಡಿ ಅನ್ನೋದು ಕ್ರಿಮಿ ಇಲ್ಲದ ವಸ್ತು ಅಲ್ಲ ಅನ್ನೋದೂ ನಂಗೆ ಹೊಸದು. ಡಬ್ಬಿ ಸೀಲ್ ಆಗಿದ್ದರೂ ಒಳಗೆ ಕ್ರಿಮಿ ಇರಬಹುದಂತೆ. ಅದಕ್ಕೆ ನೀರು ಕುದಿಸಿ, ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ಕೆಳಗೆ ಇಳಿಯೋ ಮೊದಲೇ ಪುಡಿ ಹಾಕಬೇಕು, ಆಮೇಲೆ ಪಾತ್ರೆಯನ್ನ ತಣ್ಣೀರಲ್ಲಿಟ್ಟು ಆರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೀಗೆ ಹೇಳಿದೆ. ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಕಲಸಿದ್ದು ಎರಡು ಗಂಟೆಯೊಳಗೆ ಖರ್ಚಾಗಬೇಕು, ಕುಡಿದು ಉಳಿದಿದ್ದನ್ನ ಚೆಲ್ಲಬೇಕು. ಬಾಟಲಿ ಬೇಡ, ಅದರ ನಿಪ್ಪಲ್ ತೊಳೆಯೋದು ಕಷ್ಟ, ಒಳಲೆ ತಗೊಳ್ಳಿ ಅಂದರು. ಅವ್ವ ಖುಷಿಯಿಂದ ಟ್ರಂಕಿನಿಂದ ನನ್ನದೇ ಬೆಳ್ಳಿ ಒಳಲೆ ತೆಗೆದಳು. ಸಂದಿನಲ್ಲಿ ಮೂವತ್ತು ವರ್ಷದ ಕಪ್ಪು ಕೂತಿತ್ತು. ಕೊನೆಗೆ ಚೌಕಿಪೇಟೆಯಲ್ಲಿ ಸ್ಟೀಲಿನದು ಎರಡು ತಂದ್ವಿ, ಕುದಿಸೋಕೆ ಸಲೀಸು.

ಡಬ್ಬಿ ತರೋಕೆ ಮೊದಲ ಸಲ ಮೆಡಿಕಲ್ ಶಾಪಿಗೆ ಹೋದಾಗ ಒಂದು ಗಮನಿಸಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕೂಡ ಮಗು ನಗ್ತಿರುತ್ತೆ, ಮಗುವಿನ ಹಾಲಿನ ಡಬ್ಬಿ ಮೇಲೆ ಮಗು ಇಲ್ಲ. 1992ರ ಕಾಯ್ದೆ ಪ್ರಕಾರ ಮಗುವಿನ, ತಾಯಿಯ ಚಿತ್ರ ಹಾಕೋ ಹಾಗಿಲ್ಲ, ಜಾಹೀರಾತು ಮಾಡೋ ಹಾಗಿಲ್ಲ, 2003ರ ತಿದ್ದುಪಡಿ ಅದನ್ನ ಇನ್ನೂ ಬಿಗಿ ಮಾಡಿದೆ. ಬದಲಿಗೆ ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರಬೇಕು. ಒಳ್ಳೇ ಕಾನೂನು, ಒಪ್ಪಿಕೊಳ್ತೀನಿ. ಆದರೆ ರಾತ್ರಿ ಎರಡು ಗಂಟೆಗೆ, ಎದೆ ಕಲ್ಲಾಗಿರುವಾಗ, ಪ್ರತಿ ಮೂರು ಗಂಟೆಗೊಮ್ಮೆ ಆ ಸಾಲು ಓದೋದು... ಇರಲಿ ಬಿಡಿ.

ಮಗಳು ಹುಟ್ಟಿದ್ದು 2020ರ ಜನವರಿ ಎರಡನೇ ವಾರ. 2 ಕೆಜಿ 800 ಗ್ರಾಂ. ರಕ್ತದ ಡಾಕ್ಟ್ರು, ಮಕ್ಕಳ ಡಾಕ್ಟ್ರು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ನನಗೆ ಮೂರು ದಿನ ಕೊಟ್ಟಿದ್ದರು. ಮಾತ್ರೆ ಇನ್ನೂ ಶುರುವಾಗಿಲ್ಲ, ಮೈಯಲ್ಲಿ ಔಷಧ ಇಲ್ಲ, ಮೊದಲ ಮೂರು ದಿನದ ಗಿಣ್ಣುಹಾಲು ಕೂಸಿಗೆ ಹೋಗಲಿ ಅಂತ. ಮೂರು ದಿನ ಅವಳು ನನ್ನ ಹತ್ತಿರ ಇದ್ದಳು. ಎರಡನೇ ದಿನಕ್ಕೇ ಚೆನ್ನಾಗಿ ಕಚ್ಚಿ ಹಿಡಿಯೋದು ಕಲಿತಳು. ಕೊಡದೇ ಇದ್ದಿದ್ದರೇ ಸುಲಭ ಆಗ್ತಿತ್ತಾ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ. ಉತ್ತರ ಒಂದೊಂದು ದಿನ ಒಂದೊಂದು ಥರ ಬರುತ್ತೆ.

ನಾಲ್ಕನೇ ದಿನ ಬೆಳಿಗ್ಗೆ ಇಡ್ಲಿ ತಿಂದು ಮಾತ್ರೆ ನುಂಗಿದೆ. ಹಾಲು ಸರಿಯಾಗಿ ಇಳಿದಿದ್ದು ಅವತ್ತೇ. ಹಾಲು ನಿಲ್ಲಿಸೋಕೆ ಗುಳಿಗೆ ಕೊಟ್ಟಿದ್ದರು, ಆದರೂ ಅದು ಕೇಳಬೇಕಲ್ಲ. ಅವ್ವ ದುಂಡುಮಲ್ಲಿಗೆ ತರಿಸಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಬಿಗಿದಳು. ಜನವರಿಯಲ್ಲಿ ಮಲ್ಲಿಗೆ ರೇಟು ಕೇಳಬೇಡಿ. ಮಲ್ಲಿಗೆ ಕಟ್ಟಿದ್ರೆ ಹಾಲು ಬತ್ತುತ್ತೆ ಅನ್ನೋದು ಹಳೇ ನಂಬಿಕೆ, ನಾನು ನಕ್ಕೆ. ಆಮೇಲೆ ಡಾಕ್ಟ್ರು ಹೇಳಿದ್ರು, 1988ರಲ್ಲಿ ವೆಲ್ಲೂರಿನ ವೈದ್ಯರು ಇದನ್ನ ಮಾತ್ರೆ ಜೊತೆ ಹೋಲಿಸಿ ಪರೀಕ್ಷೆ ಮಾಡಿದಾರೆ, ಹಾಲು ಕಡಿಮೆ ಆಗೋದು ನಿಜ ಅಂತ. ನನಗೆ ಯಾವುದು ಕೆಲಸ ಮಾಡಿತೋ, ಹತ್ತು ದಿನಕ್ಕೆ ನಿಂತಿತು. ಆ ಹತ್ತು ದಿನ ಪಕ್ಕದ ರೂಮಿನಲ್ಲಿ ಅವಳು ಅತ್ತರೆ ಇಲ್ಲಿ ನನ್ನ ರವಿಕೆ ಒದ್ದೆ. ಅವ್ವ ಬೇಕಂತಲೇ ಕೂಸನ್ನ ನನ್ನ ಪಕ್ಕ ಮಲಗಿಸ್ತಿರಲಿಲ್ಲ. ಮಲ್ಲಿಗೆ ವಾಸನೆ ನಂಗೆ ಈಗಲೂ ಆಗಲ್ಲ. ಮದುವೆ ಮನೆಯಲ್ಲಿ ಯಾರಾದ್ರೂ ಮುಡಿಸೋಕೆ ಬಂದರೆ ತಲೆನೋವು ಅಂತೀನಿ.

ಬಾಣಂತಿ ನೋಡೋಕೆ ಬಂದೋರದು ಒಂದೇ ಪ್ರಶ್ನೆ. "ಯಾಕವ್ವಾ, ಮಗೀಗೆ ಮೊಲಿ ಕೊಡಂಗಿಲ್ಲೇನು?" ನಿಜ ಹೇಳೋ ಹಾಗಿರಲಿಲ್ಲ. ನನ್ನ ತಂಗಿಗೆ ಆಗ ಗಂಡು ನೋಡ್ತಿದ್ದರು, ಮನೆಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾದರೆ ಮುಗೀತು. (ಈಗ ಅವಳ ಮದುವೆ ಆಗಿ ನಾಲ್ಕು ವರ್ಷ ಆಯ್ತು, ಹಾಗಾಗಿ ಧೈರ್ಯವಾಗಿ ಬರೀತಿದೀನಿ!) ಅವ್ವ "ಹಾಲು ಬರಲಿಲ್ರೀ" ಅಂತ ಶುರು ಮಾಡಿದ್ದೇ ತಡ, ಸಲಹೆಗಳ ಮಳೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ. ಆಕಳ ಹಾಲಿಗೆ ನೀರು ಬೆರೆಸಿ ಕೊಡ್ರಿ, ನಾವೆಲ್ಲ ಬೆಳೀಲಿಲ್ವಾ ಅಂದವರು ಎಷ್ಟು ಜನ! ಒಂದು ದಿನ ಬೀದಿಯಲ್ಲಿ ಕತ್ತೆ ಹಾಲಿನವನು ಕೂಗ್ತಾ ಬಂದ. ಎದುರುಮನೆಯವರು ಅವನನ್ನ ನಮ್ಮ ಬಾಗಿಲಿಗೇ ಕಳಿಸಿದ್ರು, ಕತ್ತೆ ಸಮೇತ. ಅವನಿಗೂ ಪಾಪ ಹೊಟ್ಟೆಪಾಡು. ಆದರೆ ಡಾಕ್ಟ್ರು ಖಡಾಖಂಡಿತ ಹೇಳಿದ್ದರು. ಹಸಿ ಹಾಲು ಯಾವ ಪ್ರಾಣಿದೂ ಬೇಡ, ವರ್ಷ ತುಂಬೋ ತನಕ ಕುಡಿಯೋಕೆ ಆಕಳ ಹಾಲೂ ಬೇಡ, ಅದರಲ್ಲಿ ಕಬ್ಬಿಣ ಸಾಲಲ್ಲ, ಉಪ್ಪು-ಪ್ರೋಟೀನು ಎಳೇ ಮೂತ್ರಪಿಂಡಕ್ಕೆ ಭಾರ. ಜೇನುತುಪ್ಪ ನೆಕ್ಕಿಸೋದೂ ಬೇಡ.

ಅಂದಹಾಗೆ ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡಬಹುದು ಅಂತ ತೋರಿಸಿದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ., 1950ರ ದಶಕದಲ್ಲಿ. ಅದೇ ವಿಧಾನದಲ್ಲಿ ಆಮೇಲೆ ಅಮುಲ್‌ನವರು ತಯಾರಿಸಿದರು. ಎಮ್ಮೆ ಹಾಲಿಗೆ ಅಷ್ಟೆಲ್ಲ ಸಂಶೋಧನೆ ಮಾಡಬೇಕಾಯ್ತು ಅಂದ ಮೇಲೆ, ಚೊಂಬಿನಲ್ಲಿ ನೀರು ಬೆರೆಸಿ ಕೊಡೋದು ಅಷ್ಟು ಸುಲಭ ಅಲ್ಲ ಅಂತ ನಾನು ಅವ್ವನಿಗೆ ಹೇಳ್ತಿದ್ದೆ.

ಹೇಳ್ತಿದ್ದೆ, ಆದರೆ ಅವ್ವ ಏನು ಮಾಡ್ತಿದ್ದಾಳೆ ಅಂತ ನೋಡ್ತಿರಲಿಲ್ಲ.

ಎರಡು ವಾರಕ್ಕೆ ತೂಕ 2 ಕೆಜಿ 850. ಹುಟ್ಟಿದ ತೂಕಕ್ಕೆ ವಾಪಸ್ ಬಂದಿದಾಳೆ, ಸರಿ ಅಂದರು. ಆರು ವಾರಕ್ಕೆ ಲಸಿಕೆಗೆ ಹೋದಾಗ 3 ಕೆಜಿ 100. ಡಾಕ್ಟ್ರು ಎರಡು ಸಲ ತೂಗಿದರು. ದಿನಕ್ಕೆ 25 ಗ್ರಾಂ ಲೆಕ್ಕ ಹಾಕಿದರೂ 700 ಗ್ರಾಂ ಏರಬೇಕಿತ್ತು, ಏರಿದ್ದು 250. ಉಚ್ಚೆ ಎಷ್ಟು ಸಲ? ಹತ್ತು ಹನ್ನೆರಡು ಸಲ. ಆರು ಸಲ ಆದರೆ ಸಾಕು ಅಂತ ಅವರೇ ಹೇಳಿದ್ದರು, ಹಾಗಾಗಿ ನಾವು ನಿಶ್ಚಿಂತೆಯಿಂದ ಇದ್ವಿ. ಎಷ್ಟು ಕುಡೀತಾಳೆ? 60, 70. ಬರೆದಿಟ್ಟ ಪಟ್ಟಿ ತೋರಿಸಿದೆ. ಡಾಕ್ಟ್ರು ಪಟ್ಟಿ ನೋಡಲೇ ಇಲ್ಲ, ಅವ್ವನ ಕಡೆ ತಿರುಗಿ "ಅಮ್ಮಾರೇ, ಒಂದು ಸಲ ಹಾಲು ಹೆಂಗೆ ಕಲಸ್ತೀರಿ, ಕೈಯಲ್ಲೇ ಮಾಡಿ ತೋರಿಸಿ" ಅಂದರು.

ರಾತ್ರಿ ಹಾಲು ಪೂರ್ತಿ ಅವ್ವನದೇ. ಮಾತ್ರೆಯಿಂದ ನಂಗೆ ಹೊಟ್ಟೆ ತೊಳಸೋದು, ಕಾಲು ಸೆಳೆತ. ಮಗಳು ಮಲಗಲಿ ಅಂತ ಅವಳೇ ಏಳ್ತಿದ್ದಳು. ಹಗಲಿಗೂ ಮೂರ್ನಾಲ್ಕು ಸಲ ಅವಳೇ. ತೋರಿಸಿದಳು. ತೊಂಬತ್ತು ಎಂ.ಎಲ್. ಗೆರೆ ತನಕ ನೀರು, ಎರಡು ಚಮಚ. "ಗಟ್ಟಿ ಆದ್ರೆ ಕೂಸಿಗೆ ಅರಗಂಗಿಲ್ಲ ಅಂತ ಸ್ವಲ್ಪ ತೆಳ್ಳಗೆ ಮಾಡ್ತೀನ್ರೀ. ಬ್ಯಾಸಿಗಿ ಬ್ಯಾರೆ ಶುರುವಾತು..." ಅಂದವಳು ನನ್ನ ಮುಖ ನೋಡಿ ಅಲ್ಲಿಗೇ ನಿಂತಳು.

ಡಾಕ್ಟ್ರು ಬೈಯಲಿಲ್ಲ. ಮೂರು ಚಮಚದ ಜಾಗದಲ್ಲಿ ಎರಡು ಅಂದರೆ ಕೂಸು ಮೂರರಲ್ಲಿ ಒಂದು ಪಾಲು ಊಟ ಬಿಟ್ಟಂಗೆ, ನೀರು ಕುಡಿದು ಹೊಟ್ಟೆ ತುಂಬುತ್ತೆ, ಉಚ್ಚೆನೂ ಹೋಗುತ್ತೆ, ಮೈ ಮಾತ್ರ ಏರಲ್ಲ, ಇನ್ನೂ ತೆಳ್ಳಗಾಗಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರ್ತಿತ್ತು ಅಂತ ನಿಧಾನಕ್ಕೆ ಹೇಳಿದರು. ಬೈದಿದ್ದು ನಾನು. ಆಟೋದಲ್ಲಿ, ಮನೆ ತಲುಪೋ ತನಕ. ಏನೇನು ಅಂದೆ ಅಂತ ಇಲ್ಲಿ ಬರೆಯಲ್ಲ. ಆರು ವಾರ ರಾತ್ರಿ ನಿದ್ದೆ ಬಿಟ್ಟವಳಿಗೆ ಹಾಗೆ ಅನ್ನಬಾರದಿತ್ತು. ಅವ್ವ ಒಂದೂ ಮಾತಾಡದೆ ಕೂಸಿನ ಟೋಪಿ ಸರಿ ಮಾಡ್ತಾ ಕೂತಿದ್ದಳು. ಅವತ್ತಿಂದ ನಾನಿದ್ದಾಗ ಅವಳು ಡಬ್ಬಿ ಮುಟ್ಟಲಿಲ್ಲ. ತಪ್ಪು ನಂದೂ ಇತ್ತು. ಆ ಲೆಕ್ಕವೆಲ್ಲ ಡಾಕ್ಟ್ರು ಹೇಳಿದ್ದು ನನಗೆ, ಇವರಿಗೆ. ರಾತ್ರಿ ಎದ್ದು ಕಲಸೋಳು ಅವತ್ತು ಆ ರೂಮಲ್ಲೇ ಇರಲಿಲ್ಲ.

ಹತ್ತು ವಾರದ ಲಸಿಕೆಯ ಹೊತ್ತಿಗೆ 4 ಕೆಜಿ. ಲಸಿಕೆ ಹಾಕಿಸಿ, ಯುಗಾದಿಗೆ ನಾಲ್ಕು ದಿನ ಅಂತ ಹರಿಹರಕ್ಕೆ ಹೋದ್ವಿ. ಯುಗಾದಿ ಮಾರ್ಚ್ 25. ಅದೇ ದಿನದಿಂದ ದೇಶವೇ ಲಾಕ್‌ಡೌನ್! ಕೈಯಲ್ಲಿ ಒಂದೂವರೆ ಡಬ್ಬಿ. ಲೆಕ್ಕ ಹಾಕಿದರೆ ಒಂದು ವಾರವೂ ಬರಲ್ಲ.

ನಮ್ಮ ಮಾವನವರು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಅದು ಮುಚ್ಚೋ ತನಕ, ಲೇತ್ ಮಾಡೋ ಕೆಲಸದಲ್ಲಿ ಇದ್ದವರು. ಮಾತು ಕಡಿಮೆ. ಡಬ್ಬಿ ಮುಗೀತಾ ಬಂದಾಗ ಅವರೇ ಮಾಸ್ಕ್ ಹಾಕ್ಕೊಂಡು ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿ ಬಂದರು. ನಮ್ಮ ಕಂಪನಿಯದು ಎಲ್ಲೂ ಇಲ್ಲ, ಬೇರೆ ಕಂಪನಿಯದು ಇತ್ತು. ಡಾಕ್ಟ್ರಿಗೆ ಫೋನ್ ಮಾಡಿದೆ. "ಒಂದನೇ ನಂಬರಿಂದೇ ತಾನೇ? ಆರು ತಿಂಗಳ ಒಳಗಿನ ಮಕ್ಕಳದ್ದು? ಹಾಗಾದ್ರೆ ಕೊಡಿ, ಏನೂ ಆಗಲ್ಲ. ಆದ್ರೆ ಆ ಡಬ್ಬಿ ಚಮಚನೇ ಆ ಡಬ್ಬಿಗೆ. ಹಳೇ ಚಮಚ ಹಾಕಬೇಡಿ."

ಮಾವ ಭೂತಗನ್ನಡಿ ಹಿಡಿದು ಡಬ್ಬಿಯ ಮೇಲಿನ ಅಕ್ಷರ ಒಂದೂ ಬಿಡದೆ ಓದಿದರು. ಆಮೇಲೆ ಹಳೇ ಚಮಚ, ಹೊಸ ಚಮಚ ಎರಡನ್ನೂ ಅಕ್ಕಪಕ್ಕ ಇಟ್ಟು, "ಅಳತಿ ಬ್ಯಾರೆ ಐತಿ ನೋಡವ್ವಾ" ಅಂದರು. ಅವತ್ತಿಂದ ಹಗಲಿನ ಹಾಲು ಕಲಸೋದು ಅವರೇ. ನೀರನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗೆರೆ ನೋಡೋರು, ಚಮಚದ ಮೇಲಿನ ಪುಡಿಯನ್ನ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡೋರು. ಅತ್ತೆ ಒಂದು ದಿನ "ಸಾಕು ಬಿಡ್ರಿ, ಕೂಸು ಅಳಾಕತ್ತೈತಿ" ಅಂದಿದ್ದಕ್ಕೆ, "ಅಳ್ಲಿ. ಒಂದು ನೂಲು ಆಚೀಚಿ ಆಗಬಾರದು" ಅಂದರು. ಅತ್ತೆ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯೋರು, ಎಷ್ಟು ಗಂಟೆಗೆ ಎಷ್ಟು ಅಂತ. ಆ ವರ್ಷದ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರ ಒಂದೂ ಕಾಣ್ತಿರಲಿಲ್ಲ, ಬರೀ ಹಾಲಿನ ಲೆಕ್ಕ.

ನಾಲ್ಕು ದಿನ ಅಂತ ಹೋದೋಳು ಎರಡು ತಿಂಗಳು ಅಲ್ಲೇ ಉಳಿದೆ. ಅವ್ವ ದಿನಾ ವೀಡಿಯೋ ಕಾಲ್ ಮಾಡೋಳು. ಒಂದು ದಿನ, ಮಾವ ಚಾಕುವಿನಲ್ಲಿ ಚಮಚ ಮಟ್ಟ ಮಾಡ್ತಿದ್ದದ್ದು ಫೋನಿನಲ್ಲಿ ಅವಳಿಗೆ ಕಾಣಿಸ್ತು. "ಬೀಗರು ಚಲೋ ಮಾಡ್ತಾರೆ ಕಣೇ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರಕ್ಕ ಮೂರೇ ಹಾಕ್ತಾರಲ್ಲ?" ಅಂದಳು. ಹ್ಞೂಂ ಅವ್ವಾ ಅಂದೆ. ಜೂನ್‌ನಲ್ಲಿ ದಾವಣಗೆರೆಗೆ ವಾಪಸ್ ಹೋದ ಮೊದಲ ರಾತ್ರಿ ನಾನೇ ಡಬ್ಬಿ, ಚಮಚ ಅವಳ ಕೈಗೆ ಕೊಟ್ಟು ಮಲಗಿದೆ. ಕ್ಷಮೆ ಕೇಳೋಕೆ ಬಾಯಿ ಬರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ, ಅಡುಗೆಮನೆ ಲೈಟು ಹಾಕಿ, ಚಾಕು ಹಿಡಿದುಕೊಂಡು ನಿಂತಿದ್ದಳು.

ಮಗಳಿಗೀಗ ಆರು ವರ್ಷ. ನನ್ನ ಮಾತ್ರೆ ನಡೀತಿದೆ, ಅಂಕಿ ಮತ್ತೆ ಕೆಳಗಿಳಿದಿದೆ. ನಾಳೆ ಗೆಳತಿಗೆ ಫೋನ್ ಮಾಡಬೇಕು, ಹಾಲು ಬರಲಿಲ್ಲ ಅಂದಿದ್ದು ಸುಳ್ಳು ಅಂತ ಹೇಳೋಕೆ. ಮಾವ ಮಾತ್ರ ಈಗಲೂ ಟೀ ಪುಡಿಯನ್ನ ಆ ಚಮಚದಲ್ಲೇ ತೆಗೀತಾರೆ, ಚಾಕುವಿನ ಬೆನ್ನಿನಿಂದ ಸವರಿ. ಟೀ ಮಾತ್ರ ಯಾವಾಗಲೂ ಸ್ವಲ್ಪ ತೆಳ್ಳಗೇ ಆಗುತ್ತೆ :-)